ಅರೆಕಾಲಿಕ ಸಂಶೋಧಕರೂ ಮುಚ್ಚಿದ ಕೋಣೆಯೂ

ಹತ್ತಿಪ್ಪತ್ತು ವರ್ಷಗಳಿಂದ ಆಪ್ತಸಮಾಲೋಚನೆಯಲ್ಲಿ ತೊಡಗಿರುವವರು ನಡುವಯಸ್ಸಿನಲ್ಲಿ ಡಾಕ್ಟರೇಟ್ ಪದವಿಗೆ ಹೆಸರು ನೋಂದಾಯಿಸುವುದನ್ನು, ಓದುಗರೇ, ತಾವೂ ಗಮನಿಸಿರಬಹುದು. ಶಾಲೆಯ ಸಲಹೆಗಾರರು, ಆಸ್ಪತ್ರೆಯ ಸಮಾಜಕಾರ್ಯಕರ್ತರು, ಕುಟುಂಬ ಸಲಹಾ ಕೇಂದ್ರಗಳ ಗುರುಗಳು, ಧರ್ಮಭಗಿನಿಯರು ಇವರಲ್ಲಿ ಸೇರಿದ್ದಾರೆ. ಕೈಯಲ್ಲಿರುವ ಕೆಲಸ ಬಿಡದೆ ಓದಬೇಕೆಂಬ ಅವರ ಅಪೇಕ್ಷೆ ಸಹಜವಾದುದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಪಿಎಚ್.ಡಿ. ನಿಯಮಾವಳಿಯೂ ಇದಕ್ಕೆ ಎಡೆಮಾಡಿಕೊಟ್ಟಿದೆ.

ಆದರೆ ಆ ನಿಯಮಾವಳಿ ಅರೆಕಾಲಿಕ ಅಭ್ಯರ್ಥಿಯನ್ನು ಸಮಯದ ಅಭಾವವುಳ್ಳವರೆಂದಷ್ಟೇ ಕಾಣುತ್ತದೆ. ಉದ್ಯೋಗದಾತರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅಧ್ಯಯನಕ್ಕೆ ಅನುಮತಿಯಿದೆ, ಸಂಶೋಧನೆಗೆ ಸಾಕಷ್ಟು ಸಮಯ ದೊರೆಯುತ್ತದೆ, ಅಗತ್ಯಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಕೆಲಸದಿಂದ ಬಿಡುವು ಕೊಡಲಾಗುವುದು ಎಂದು ಅದರಲ್ಲಿ ಬರೆದಿರಬೇಕು. ರಸಾಯನಶಾಸ್ತ್ರದ ಅಧ್ಯಾಪಕರಿಗೂ ಸಮಾಲೋಚಕರಿಗೂ ಒಂದೇ ಅಳತೆಗೋಲು.

ಇದರ ಫಲವೇನು? ಎರಡು ದಶಕ ಮುರಿದ ದಾಂಪತ್ಯಗಳ ಕಥೆ ಕೇಳಿದವರು ಸಮೀಪದ ಕಾಲೇಜಿಗೆ ಹೋಗಿ ಇನ್ನೂರು ಮುನ್ನೂರು ಪ್ರಶ್ನಾವಳಿ ಹಂಚುತ್ತಾರೆ. ಆತ್ಮಗೌರವಕ್ಕೂ ಪರೀಕ್ಷಾಭಯಕ್ಕೂ ಇರುವ ಸಂಬಂಧವನ್ನು ಕೋಷ್ಟಕಗಳಲ್ಲಿ ತೋರಿಸಿ ಪದವಿ ಪಡೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿನ್ನೆ ಮೊನ್ನೆ ಎಂ.ಎ. ಮುಗಿಸಿದವರೂ ಅದನ್ನು ಮಾಡಬಲ್ಲರು. ಇಪ್ಪತ್ತು ವರ್ಷದ ಅನುಭವ ಚಪ್ಪಲಿಯಂತೆ ಬಾಗಿಲ ಹೊರಗೇ ಉಳಿಯಿತು.

ಬ್ರಿಟನ್ನಿನಲ್ಲಿ ಬೇರೊಂದು ದಾರಿ ಹುಡುಕಿದ್ದಾರೆ. ಲಂಡನ್ನಿನ ಮೆಟನೋಯಾ ಇನ್‌ಸ್ಟಿಟ್ಯೂಟ್ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದೊಡಗೂಡಿ ವೃತ್ತಿನಿರತ ಮನೋಚಿಕಿತ್ಸಕರಿಗೆಂದೇ ಡಾಕ್ಟರೇಟ್ ರೂಪಿಸಿತು. (ಮೆಟನೋಯಾ ಎಂಬ ಗ್ರೀಕ್ ಪದದ ಅರ್ಥ ಮನಪರಿವರ್ತನೆ, ನಮ್ಮ ಓದುಗರಿಗೆ ಅದು ಹೊಸದಲ್ಲ.) ಅಲ್ಲಿ ಅಭ್ಯರ್ಥಿಯ ಕೆಲಸವೇ ಸಂಶೋಧನೆಯ ಕ್ಷೇತ್ರ. ಈ ದಾರಿ ನಮಗೂ ಬೇಕೆಂದು ನಾನು ಒಪ್ಪುತ್ತೇನೆ. ಆದರೆ ಅದರ ಅಪಾಯವನ್ನು ಅರಿತೇ ಒಪ್ಪಬೇಕು. ಏಕೆಂದರೆ ಆ ಕೋಣೆಯಲ್ಲಿ ಸಮಾಲೋಚಕರು ಒಬ್ಬರೇ ಕುಳಿತಿರುವುದಿಲ್ಲ.

ಫ್ರಾಯ್ಡ್ ‘ಡೋರಾ’ ಎಂಬ ಹೆಸರಿಟ್ಟು ಬರೆದ ಯುವತಿಯ ಚಿಕಿತ್ಸೆ 1900ರ ಕೊನೆಯಲ್ಲಿ ನಿಂತಿತು. ಬರಹ ಪ್ರಕಟವಾದದ್ದು 1905ರಲ್ಲಿ. ತಮ್ಮ ಮಾತು ವಿಜ್ಞಾನಕ್ಕೆ ಬಳಕೆಯಾದೀತೆಂದು ತಿಳಿದಿದ್ದರೆ ರೋಗಿಗಳು ಬಾಯಿ ಬಿಡುತ್ತಲೇ ಇರಲಿಲ್ಲವೆಂಬ ಇಕ್ಕಟ್ಟನ್ನು ಅವರೇ ಮುನ್ನುಡಿಯಲ್ಲಿ ಎತ್ತುತ್ತಾರೆ. ಇಷ್ಟು ಎಚ್ಚರ ವಹಿಸಿದರೂ ಆಕೆ ಇದಾ ಬಾವರ್ ಎಂಬುದು ಇಂದು ಜಗಜ್ಜಾಹೀರು. ವಿಯೆನ್ನಾದಂಥ ಮಹಾನಗರದ ಗತಿಯೇ ಹೀಗಾದರೆ ನಮ್ಮ ಊರುಗಳ ಪಾಡೇನು? ‘ಮೂವತ್ತನಾಲ್ಕರ ದಾದಿ, ಗಂಡ ಕುವೈತಿನಲ್ಲಿ, ಅತ್ತೆಯೊಡನೆ ವಾಸ’ ಎಂದು ಬರೆದರೆ ಸಾಕು, ಧರ್ಮಕೇಂದ್ರದ ಅರ್ಧ ಜನ ಮನೆಯ ಹೆಸರನ್ನೂ ಹೇಳಿಬಿಡುತ್ತಾರೆ. ಮಹಾಪ್ರಬಂಧವೋ ಇಂದು ಗ್ರಂಥಾಲಯದ ಕಪಾಟಿನಲ್ಲಿ ಧೂಳು ತಿನ್ನುವುದಿಲ್ಲ. ಅದರ ವಿದ್ಯುನ್ಮಾನ ಪ್ರತಿಯನ್ನು ‘ಶೋಧಗಂಗಾ’ ಭಂಡಾರಕ್ಕೆ ಸೇರಿಸಲಾಗುತ್ತದೆ. ಮೊಬೈಲ್ ಫೋನ್ ಇದ್ದವರೆಲ್ಲ ಅದನ್ನು ತೆರೆದು ಓದಬಹುದು.

ಕಾನೂನು ಇಲ್ಲವೇ ಎಂದು ಕೇಳುವಿರಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸಂಶೋಧನೆಗೆ ಮುಕ್ತ, ತಿಳಿವಳಿಕೆಯ ಸಮ್ಮತಿ ಬೇಕೆನ್ನುತ್ತದೆ. ಅದನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಆದರೆ ಅದು ಹೇಳುವುದು ಮಾನಸಿಕ ಅಸ್ವಸ್ಥತೆಯುಳ್ಳವರ ಬಗೆಗೆ. ಗಂಡನ ಮೌನಕ್ಕೆ ಸೋತು, ಮಗನ ಕುಡಿತಕ್ಕೆ ಹೆದರಿ ಬಂದವರಲ್ಲಿ ಬಹುಮಂದಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಗುರುಗಳಾದ ಸಮಾಲೋಚಕರಿಗೆ ಪಾಪನಿವೇದನೆಯ ಗೌಪ್ಯವು ರಕ್ತಗತವಾಗಿದೆ, ನಿಜ. ಆದರೆ ಸಲಹಾ ಕೇಂದ್ರದ ಕುರ್ಚಿ ಪಾಪನಿವೇದನೆಯ ಪೀಠವಲ್ಲ, ಆ ಕಟ್ಟಳೆ ಇಲ್ಲಿಗೆ ತಾನಾಗಿ ವಿಸ್ತರಿಸುವುದಿಲ್ಲ. ಇನ್ನು ಸಮ್ಮತಿ ಪತ್ರ. ಮುಂದಿನ ವಾರವೂ ಅದೇ ಬಾಗಿಲು ತಟ್ಟಬೇಕಾದ ಹೆಂಗಸು ‘ಬೇಡ’ ಎನ್ನುವುದುಂಟೇ?

ಆದ್ದರಿಂದ ಅನುಭವಿಗಳ ಸಂಶೋಧನೆ ಎದುರಿಗಿರುವವರಿಗಿಂತ ಮೊದಲು ತಮ್ಮ ಕಡೆಗೆ ತಿರುಗಲಿ. ಯಾವ ಪ್ರಶ್ನೆಯನ್ನು ತಾವು ಕೇಳದೆ ಬಿಟ್ಟೆವು, ಎಲ್ಲಿ ಅವಸರದಿಂದ ಉಪದೇಶಕ್ಕಿಳಿದೆವು, ಯಾರು ಎರಡನೆಯ ಸಲ ಬರಲಿಲ್ಲ: ಇವನ್ನು ಬರೆಯಬಲ್ಲವರು ಅವರೇ. ಇತರರ ಮಾತು ಬೇಕೇ ಬೇಕೆಂದಾದರೆ ಸಮಾಲೋಚನೆ ಪೂರ್ಣ ಮುಗಿದ ಮೇಲೆ, ಮೂರನೆಯವರ ಮೂಲಕ ಕೇಳಲಿ. ಬರೆದ ಪುಟಗಳನ್ನು ಪ್ರಬಂಧ ಸಲ್ಲಿಸುವ ಮೊದಲು ಅವರಿಗೇ ತೋರಿಸಲಿ. ತಾವೇ ಇಂಥ ವ್ಯಾಸಂಗಕ್ಕೆ ಹೊರಟಿದ್ದರೆ, ಮಾರ್ಗದರ್ಶಕರ ಪ್ರಕಟಣೆಗಳ ಪಟ್ಟಿ ನೋಡುವುದರ ಜೊತೆಗೆ, ಅವರು ಎಂದಾದರೂ ಆ ಕೋಣೆಯಲ್ಲಿ ಕುಳಿತು ಕೇಳಿದ್ದಾರೆಯೇ ಎಂದೂ ವಿಚಾರಿಸಿಕೊಳ್ಳಿ.