ಮಾರ್ಚ್ ತಿಂಗಳ ಪಾಸಿಂಗ್ ಪ್ಯಾಕೇಜ್

ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಕೈಗೆ ಬಂದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿ ಎರಡು ಗುಂಪಾಗುತ್ತದೆ. ಪಾಸಾಗುವುದು ಕಷ್ಟ ಎನಿಸಿದ ಮಕ್ಕಳಿಗೆ ಒಂದಷ್ಟು ಜೆರಾಕ್ಸ್ ಹಾಳೆ ಸಿಗುತ್ತವೆ. ಗಣಿತದ ಆಯ್ದ ಲೆಕ್ಕಗಳು, ವಿಜ್ಞಾನದ ಚಿತ್ರಗಳು, ಸಮಾಜ ವಿಜ್ಞಾನದ ಭಾರತದ ನಕಾಶೆ, ಕನ್ನಡದ ಕಂಠಪಾಠ, ಪತ್ರಲೇಖನ, ಗಾದೆ ವಿಸ್ತರಣೆ. ರಾಜ್ಯದ ಎಲ್ಲ ಕಡೆ ಇದಕ್ಕಿರುವ ಹೆಸರು ಪಾಸಿಂಗ್ ಪ್ಯಾಕೇಜ್. ಇದನ್ನು ಬಾಯಿಪಾಠದ ದಂಧೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಪ್ಯಾಕೇಜ್ ಇದೆ, ಕೆಟ್ಟ ಪ್ಯಾಕೇಜ್ ಇದೆ. ಎರಡನ್ನೂ ಬೇರ್ಪಡಿಸಿ ನೋಡುವ ಕೆಲಸ ಮಾತ್ರ ಆಗಿಲ್ಲ.

ಗಣಿತದ ಹಾಳೆಯನ್ನೇ ತೆಗೆದುಕೊಳ್ಳೋಣ. ಲಿಖಿತ ಪರೀಕ್ಷೆ 80 ಅಂಕದ್ದು. ಮೊನ್ನೆ ಮೊನ್ನೆಯವರೆಗೂ ಪಾಸಾಗಲು 28 ಬೇಕಿತ್ತು. ಜೋಡಿ ರೇಖಾತ್ಮಕ ಸಮೀಕರಣವನ್ನು ನಕ್ಷೆಯಿಂದ ಬಿಡಿಸುವ ಲೆಕ್ಕಕ್ಕೆ 4 ಅಂಕ, ಹೀಗಾಗಿ ಅದು ಎಲ್ಲ ಪ್ಯಾಕೇಜಿನಲ್ಲೂ ಇರುತ್ತದೆ. ಇರಬೇಕಾದದ್ದೇ. ಹುಡುಗ ಕೋಷ್ಟಕ ಬರೆಯುತ್ತಾನೆ, ಬಿಂದು ಗುರುತಿಸುತ್ತಾನೆ, ಎರಡು ಗೆರೆ ಎಳೆಯುತ್ತಾನೆ, ಅವು ಕೂಡುವ ಜಾಗದ ಬೆಲೆಯನ್ನು ಸಮೀಕರಣಕ್ಕೆ ಹಾಕಿ ಸರಿಯೋ ತಪ್ಪೋ ತಾನೇ ನೋಡಿಕೊಳ್ಳುತ್ತಾನೆ. ನಾಲ್ಕಾರು ಸಲ ಮಾಡಿದರೆ ಸಂಖ್ಯೆ ಬದಲಾದರೂ ಕೈ ತಡವರಿಸುವುದಿಲ್ಲ. ಅದೇ ಹಾಳೆಯ ಇನ್ನೊಂದು ಮೂಲೆಯಲ್ಲಿ ಥೇಲ್ಸ್ ಪ್ರಮೇಯದ ಸಾಧನೆ ಸಾಲುಸಾಲಾಗಿ ಅಚ್ಚಾಗಿರುತ್ತದೆ. ಅದನ್ನು ಉರುಹೊಡೆದ ಮಗುವಿನ ಮುಂದೆ ಎಬಿಸಿ ತ್ರಿಭುಜದ ಬದಲು ಪಿಕ್ಯೂಆರ್ ತ್ರಿಭುಜ ಇಟ್ಟರೆ ಪೆನ್ನು ನಿಂತುಬಿಡುತ್ತದೆ. ಎರಡೂ ಕೊನೆ ಗಳಿಗೆಯ ಓದೇ. ಒಂದರಲ್ಲಿ ಮಗು ಕೆಲಸ ಮಾಡಿತು, ಇನ್ನೊಂದರಲ್ಲಿ ಬೇರೆಯವರು ಮಾಡಿದ ಕೆಲಸವನ್ನು ಹೊತ್ತುಕೊಂಡಿತು.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಂದು ಹಂತದಲ್ಲಿ ಓದಿ, ಉಳಿದ ಹಂತಗಳಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು: ಶೇ 83, ಬರೆದವರದ್ದು ಶೇ 71. ವಾರ ಕಳೆದ ಮೇಲೆ ಓದಿದವರಲ್ಲಿ ಶೇ 40 ಉಳಿದಿತ್ತು, ಬರೆದವರಲ್ಲಿ ಶೇ 61. ಹಾಳೆಯನ್ನು ಹತ್ತು ಸಲ ಓದಿದ ಮಗು ರಾತ್ರಿ 'ಎಲ್ಲ ಬಂತು' ಎಂದು ಯಾಕೆ ನಂಬುತ್ತದೆ, ಪರೀಕ್ಷಾ ಕೊಠಡಿಯಲ್ಲಿ ಯಾಕೆ ಕಂಗಾಲಾಗುತ್ತದೆ ಎಂಬುದು ಈ ಅಂಕಿಗಳಲ್ಲೇ ಇದೆ. ಎಸ್ಸೆಸ್ಸೆಲ್ಸಿ ಒಂದು ದಿನದಲ್ಲಿ ಮುಗಿಯುವುದೂ ಇಲ್ಲ. 2024ರಲ್ಲಿ ಮಾರ್ಚ್ 25ಕ್ಕೆ ಶುರುವಾದದ್ದು ಏಪ್ರಿಲ್ 6ರವರೆಗೆ ನಡೆಯಿತು.

ಆ ವರ್ಷ ಶಿರಸಿಯ ಮಾರಿಕಾಂಬಾ ಜಾತ್ರೆ ಮಾರ್ಚ್ 19ರಿಂದ 27ರವರೆಗೆ ಇತ್ತು. ಅಮ್ಮ ಗದ್ದುಗೆಯಲ್ಲಿ ಕೂತಿದ್ದಾಗಲೇ ಮಕ್ಕಳು ಮೊದಲ ಪತ್ರಿಕೆ ಬರೆದರು. ಜಾತ್ರೆ ಎರಡು ವರ್ಷಕ್ಕೊಮ್ಮೆ, ಅಡಿಕೆ ಮಾತ್ರ ಪ್ರತಿವರ್ಷ. ಕೊನೆ ಕೊಯ್ಲು ಶುರುವಾದರೆ ಎಷ್ಟೋ ಮನೆಯ ಮಕ್ಕಳು ರಾತ್ರಿ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಕೆಲವರು ಸ್ವಂತ ಮನೆಯಲ್ಲಿ, ಕೆಲವರು ಕೂಲಿಗೆ. ಯಲ್ಲಾಪುರದ ಕಾಡಂಚಿನ ಸಿದ್ದಿ, ಗೌಳಿ ಮನೆಗಳಲ್ಲಿ ಹತ್ತನೆಯ ತರಗತಿಯ ಪುಸ್ತಕ ಬಿಚ್ಚಿ ಹೇಳಿಕೊಡುವವರು ಹಲವು ಕಡೆ ಇಲ್ಲ. ಬೆಳಗಿನ ಐದಕ್ಕೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ ಮೇಷ್ಟ್ರುಗಳಿದ್ದಾರೆ, ಆದರೆ ನೆಟ್‌ವರ್ಕ್ ಸಿಗದ ಮಜರೆಗೆ ಆ ಫೋನೂ ತಲುಪದು. ಇಂಥ ಮಗುವಿಗೆ 'ಜೂನ್‌ನಿಂದಲೇ ಓದಬೇಕಿತ್ತು' ಎನ್ನುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ. ಇರುವ ಇಪ್ಪತ್ತು ದಿನದಲ್ಲಿ ಎಲ್ಲಿ ಕೈ ಹಾಕಬೇಕು ಎಂದು ಹೇಳುವ ಹಾಳೆ ಅದಕ್ಕೆ ನಿಜವಾಗಿಯೂ ಬೇಕು.

ನನ್ನ ತಕರಾರು ಇರುವುದು ಗುಂಪು ಮಾಡುವ ರೀತಿಗೆ. 'ಪಾಸಿಂಗ್ ಪ್ಯಾಕೇಜಿನವರು' ಎಂದು ಒಮ್ಮೆ ಕರೆಸಿಕೊಂಡ ಮಗುವಿಗೆ ಉಳಿದ ಪಾಠಗಳು ಮುಚ್ಚಿಹೋಗುತ್ತವೆ. ತ್ರಿಕೋನಮಿತಿ ನಿನಗಲ್ಲ, ವಿದ್ಯುಚ್ಛಕ್ತಿಯ ಲೆಕ್ಕ ನಿನಗಲ್ಲ. ಅಂಚಿನಲ್ಲಿ ಪಾಸಾಗಿ ಪಿಯುಸಿಗೆ ಹೋದ ಮೇಲೆ ಆ ಮುಚ್ಚಿದ ಪುಟಗಳೇ ಮೊದಲ ದಿನ ಎದುರಾಗುತ್ತವೆ. ಪಾಸಿನ ಗೆರೆ ಈಗ ಶೇ 35ರಿಂದ 33ಕ್ಕೆ ಇಳಿದಿದೆ. ಹಾಳೆಗಳು ಇನ್ನಷ್ಟು ತೆಳುವಾಗುತ್ತವೆ ಎಂಬ ಭಯ ನನಗಿದೆ. ಪರೀಕ್ಷಾ ಕೊಠಡಿಯೊಳಗಿನ ನಕಲಿನ ನೆರವಂತೂ ಮುಗಿದ ಕತೆ. ಕೊಠಡಿಗಳ ಮೇಲೆ ಕ್ಯಾಮೆರಾದಿಂದ ಕಣ್ಣಿಡುವ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಬಿತ್ತು, ಅದೂ ಕೃಪಾಂಕ ಹೆಚ್ಚಿಸಿ ಕೊಟ್ಟ ಮೇಲೆ.

ಹಾಗಾದರೆ ಹಾಳೆ ಹೇಗಿರಬೇಕು? ಪ್ರಶ್ನೆಗಳಷ್ಟೇ ಇರಲಿ, ಉತ್ತರ ಬೇಡ. ಹೃದಯದ ಚಿತ್ರ ಕೊಡಬೇಡಿ, ಖಾಲಿ ಜಾಗ ಕೊಡಿ. ಇವತ್ತು ಬರೆದದ್ದನ್ನು ಪುಸ್ತಕ ಬಿಚ್ಚಿ ಮಗುವೇ ತಿದ್ದಲಿ, ಎರಡು ದಿನ ಬಿಟ್ಟು ಅದನ್ನೇ ಮತ್ತೆ ಬರೆಯಲಿ. ಪರೀಕ್ಷೆಯ ಹಿಂದಿನ ರಾತ್ರಿ ಹತ್ತಕ್ಕೆ ಮಲಗಿಸಿ; ನಿದ್ದೆಗೆಟ್ಟ ತಲೆಗೆ ಓದಿದ್ದೂ ಸಮಯಕ್ಕೆ ನೆನಪಾಗುವುದಿಲ್ಲ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಬಿದ್ದ ಮಗುವಿಗೆ ಅವೇ ಹಳೆಯ ಹಾಳೆಗಳನ್ನು ಮತ್ತೆ ಕೊಡುವುದರಲ್ಲಿ ಅರ್ಥವಿಲ್ಲ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಲು ಅವಕಾಶವಿದೆ. ಅದನ್ನು ಮುಂದಿಟ್ಟುಕೊಂಡು, ಅಂಕ ಎಲ್ಲೆಲ್ಲಿ ಹೋಯಿತೋ ಅಲ್ಲಿಂದಲೇ ಆ ಮಗುವಿಗೊಂದು ಹೊಸ ಹಾಳೆ ಬರೆಯಬೇಕು. ಪ್ರತಿಯ ಶುಲ್ಕವನ್ನು ಶಾಲೆಯೋ ಎಸ್‌ಡಿಎಂಸಿಯೋ ಕಟ್ಟಲಿ.