ಏಣಿಯ ಮೊದಲ ಮೆಟ್ಟಿಲು

ರಾಗಿ ಕುಯ್ಲಿಗೆ ಹೋಗಿ ಹದಿನೈದು ದಿನ ಶಾಲೆ ತಪ್ಪಿಸಿಕೊಂಡು ನಾವು ಮರಳಿ ಬಂದರೆ, ಪಾಠ ನಮ್ಮನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು. ಮೇಷ್ಟ್ರು 'ದಡ್ಡ' ಅಂದರು. ನಾವೂ ಹೌದು ಅಂದುಕೊಂಡೆವು.

ಆದ್ದರಿಂದ 'ನಲಿ-ಕಲಿ'ಯನ್ನು ಹಗುರವಾಗಿ ತಳ್ಳಿಹಾಕಲು ನಮಗೆ ಮನಸ್ಸಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ, ರಿಷಿವ್ಯಾಲಿಯ ಪದ್ಧತಿ ನೋಡಿಬಂದ ಸರ್ಕಾರಿ ಮೇಷ್ಟ್ರುಗಳೇ ಕೂತು ಪಾಠವನ್ನು ಒಡೆದು ಕಾರ್ಡು ಮಾಡಿದರು. ಗೋಡೆಗೆ ಕಲಿಕೆಯ ಏಣಿ ಹಾಕಿದರು. ಇಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಕುಯ್ಲಿಗೆ ಹೋಗುವ ಮಗುವನ್ನೂ ಲೆಕ್ಕಕ್ಕೆ ಹಿಡಿದ ಪದ್ಧತಿ ಇದು.

ನಮ್ಮ ತಕರಾರು ಬೇರೆ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1, 2ನೇ ತರಗತಿಗಳಿಗೆಲ್ಲ ಬಂತು. ಮೇಷ್ಟ್ರ ಕೈಯಲ್ಲಿ ಹುಟ್ಟಿದ್ದು ಮೇಲಿನ ಆದೇಶವಾಯಿತು. ಪಟ್ಟಿಗೆ ಗುರುತು ಹಾಕಿದರೆ ಕಲಿಸಿದ ಹಾಗೇ ಅನ್ನೋ ಅಪಾಯ ಇಲ್ಲೇ ಇದೆ. ಮಕ್ಕಳನ್ನು ದುಂಡಗೆ ಕೂರಿಸಿದ ಮಾತ್ರಕ್ಕೆ ಊರು-ಕೇರಿ ಒಂದಾಗೋದಿಲ್ಲ. ಕೇರಿಯ ಮಗು 'ಆಲು' ಅಂದಾಗ ಗುಂಪು ಗೊಳ್ಳೆಂದು ನಕ್ಕರೆ ಏಣಿಯ ಮೊದಲ ಮೆಟ್ಟಿಲೇ ಮುರೀತು. ಮಾರನೇ ದಿನದಿಂದ ಆ ಮಗು ಬಾಯಿ ಬಿಡೋದಿಲ್ಲ. ಬಾಯಿ ಬಿಡದ ಮಗುವಿಗೆ ಯಾವ ಕಾರ್ಡು ಕೊಟ್ಟು ಏನು?

ಹಳ್ಳಿ ಶಾಲೆಯ ಗೆಳೆಯರೇ, 'ಆಲು' ಅನ್ನೋದನ್ನೇ ಮೊದಲು ಹಲಗೆ ಮೇಲೆ ಬರೀರಿ. ಅದು ಅವರವ್ವನ ಮಾತು. ಪಕ್ಕದಲ್ಲಿ 'ಹಾಲು' ಬರೀರಿ. ಎರಡನ್ನೂ ಎಲ್ಲರ ಬಾಯಲ್ಲೂ ಹೇಳಿಸಿ. ಒಬ್ಬರನ್ನು ಅಳಿಸಿ ಉಳಿದವರು ನಲಿಯೋದನ್ನ ನಾವು ನಲಿ-ಕಲಿ ಅನ್ನೋದಿಲ್ಲ.