ಚೀಟಿಯೂ ಮುಲಾಮೂ

ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ 1897ರಿಂದಲೇ ವೈದ್ಯರ ತಪಾಸಣೆ ಏರ್ಪಟ್ಟಿದ್ದಿತಾದರೂ, ಆ ವೈದ್ಯರ ಕರ್ತವ್ಯವು ರೋಗವನ್ನು ಗುರುತಿಸಿ, ಮಗುವಿನ ಕೈಗೊಂದು ಚೀಟಿಯನ್ನಿತ್ತು, ಮನೆಗಟ್ಟುವಲ್ಲಿಗೆ ಮುಗಿದುಹೋಗುತ್ತಿದ್ದಿತು. ಹೇನು, ಕಜ್ಜಿ, ಗಜಕರ್ಣ, ಟ್ರಕೋಮವೆಂಬ ಕಣ್ಣುಬೇನೆ, ಇವುಗಳಲ್ಲೊಂದು ಕಂಡರೂ ಸಾಕು, ಶಾಲೆಯ ಬಾಗಿಲು ಮುಚ್ಚಿದಂತೆಯೇ. ಪರದೇಶಗಳಿಂದ ಹೊಸದಾಗಿ ಬಂದು ಇಕ್ಕಟ್ಟಾದ ಬಾಡಿಗೆಯ ಕೋಣೆಗಳಲ್ಲಿ ನೆಲಸಿದ್ದ ತಾಯ್ತಂದೆಯರಲ್ಲಿ ಅನೇಕರಿಗೆ ಚೀಟಿಯ ಭಾಷೆಯೇ ತಿಳಿಯದು. ಹೊರಬಿದ್ದ ಹುಡುಗನಾದರೋ ಸಂಜೆ ಅದೇ ಸಹಪಾಠಿಗಳೊಡನೆ ಬೀದಿಯಲ್ಲಿ ಆಡುತ್ತಿದ್ದನಾದುದರಿಂದ, ಸೋಂಕು ತಪ್ಪಲಿಲ್ಲ, ಪಾಠ ಮಾತ್ರ ತಪ್ಪಿತು.

1902ರ ಅಕ್ಟೋಬರಿನಲ್ಲಿ ಹೆನ್ರಿ ಸ್ಟ್ರೀಟಿನ ಸೇವಾಗೃಹದ ದಾದಿ ಲಿಲಿಯನ್ ವಾಲ್ಡ್ ಅವರು ಲೀನಾ ರಾಜರ್ಸ್ ಎಂಬ ದಾದಿಯನ್ನು ಒಂದು ತಿಂಗಳ ಪ್ರಯೋಗಕ್ಕೆಂದು ನಾಲ್ಕು ಶಾಲೆಗಳಿಗೆ ಕಳುಹಿದರು. ಶಾಲೆಯಲ್ಲಿ ಹುಣ್ಣು ತೊಳೆದು ಮದ್ದು ಹಚ್ಚುವುದು, ಆಮೇಲೆ ಮನೆಗೇ ಹೋಗಿ ತಾಯಿಗೆ ಕ್ರಮವನ್ನು ಮಾಡಿ ತೋರಿಸುವುದು: ಕೆಲಸವು ಇಷ್ಟೆ. 1902ರ ಸೆಪ್ಟೆಂಬರಿನಲ್ಲಿ 10,567 ಬಾರಿ ಮಕ್ಕಳನ್ನು ಹೊರಗಟ್ಟಿದ್ದ ನಗರವು, ದಾದಿಯರ ಸಂಖ್ಯೆ ಬೆಳೆದ ಮರುವರ್ಷದ ಸೆಪ್ಟೆಂಬರಿನಲ್ಲಿ 1,101 ಬಾರಿ ಮಾತ್ರ ಹೊರಗಟ್ಟಿತು.

ಶಾಲಾದಾದಿಯನ್ನು ಹೊಗಳುವವರೆಲ್ಲರೂ ಈ ಅಂಕಿಗಳನ್ನು ಮಂತ್ರದಂತೆ ಪಠಿಸುವರು. ನನಗೆ ಅವುಗಳಲ್ಲಿ ಅಷ್ಟು ಭಕ್ತಿಯಿಲ್ಲ. ಅವು ಎಣಿಸುವುದು ಗೈರುಹಾಜರಿಯನ್ನಲ್ಲ, ಬಹಿಷ್ಕಾರವನ್ನು. ಮೊದಲು ಮನೆಗೆ ಹೋಗೆಂದ ಅಲ್ಪರೋಗಿಗೆ ಈಗ ಚಿಕಿತ್ಸೆ ಪಡೆಯುತ್ತ ತರಗತಿಯಲ್ಲೇ ಕುಳಿತಿರೆಂದ ಮೇಲೆ ಸಂಖ್ಯೆ ಕುಸಿಯದೆ ಮತ್ತೇನಾದೀತು? ನಗರವು ತಾನೇ ಹೆಣೆದ ಗಂಟನ್ನು ತಾನೇ ಬಿಚ್ಚಿದುದೂ ಇದರಲ್ಲಿ ಸೇರಿದೆ. ತಮ್ಮತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲುಳಿದ ಹುಡುಗಿಯೂ ದುಡಿಮೆಗೆ ಹೋದ ಹುಡುಗನೂ ಈ ಲೆಕ್ಕದ ಹೊರಗೆ.

ಆದರೂ ದಾದಿಯ ಸಾಧನೆ ಸಣ್ಣದಲ್ಲ. ಅದನ್ನು ಕಾಣಲು ಕೋಷ್ಟಕಕ್ಕಿಂತ, ವಾಲ್ಡ್ ತಮ್ಮ 1915ರ ಪುಸ್ತಕದಲ್ಲಿ ನೆನೆದಿರುವ ಲೂಯಿ ಎಂಬ ಹುಡುಗನೇ ಲೇಸು. ಎಡಗೈಯಲ್ಲಿ ಅಳುವ ಕೂಸನ್ನೆತ್ತಿಕೊಂಡು ಬಲಗೈಯಲ್ಲಿ ಮಾಂಸದಂಗಡಿಯವರ ಏಪ್ರನ್ನುಗಳನ್ನು ಒಗೆಯುತ್ತಿದ್ದ ಆತನ ತಾಯಿಗೆ, ಮಗನ ತಲೆಯ ಹುಣ್ಣಿಗೆ ಔಷಧಾಲಯದ ಮುಲಾಮು ಆಗಲೇ ದೊರೆತಿದ್ದಿತು. ಅದನ್ನು ಕ್ರಮವರಿತು ಹಚ್ಚುವ ಕೈಯೊಂದು ಮಾತ್ರ ದೊರೆತಿರಲಿಲ್ಲ. ವಾಲ್ಡ್ ಹಚ್ಚಿದರು, ಹುಣ್ಣು ಮಾಯಿತು. ಹುಟ್ಟಿದಂದಿನಿಂದ ಶಾಲೆಗೆ ಸೇರಿಯೇ ಇರದ, ಆದುದರಿಂದಲೇ ಯಾವ ಹಾಜರಿ ಪಟ್ಟಿಯಲ್ಲಿಯೂ ಗೈರಾಗಿರದ ಆ ಹುಡುಗನು, ಸೇರಿದ ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ, ಅಂದು ಬೆಳಗ್ಗೆ ಕಲಿತ ನಾಲ್ಕಾರು ಪದಗಳ ಕಾಗುಣಿತವನ್ನು ಅವರಿಗೆ ಒಪ್ಪಿಸಲೆಂದು ಅವರ ಮನೆಯ ಐದು ಅಂತಸ್ತುಗಳ ಮೆಟ್ಟಿಲನ್ನು ಓಡುತ್ತ ಹತ್ತಿ ಬಂದನು.